ಬೋಲ್ಟಿನ ತಲೆಯ ಮೇಲೊಂದು ಎಫ್

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಒಂದು ತೋಟದ ಮನೆ. ಸೌದೆ ಕೊಟ್ಟಿಗೆಯಲ್ಲಿ, ಅಡಿಕೆ ಹಾಳೆಯ ರಾಶಿಯ ಹಿಂದೆ ಒಂದು ಜೀಪು. ಅದನ್ನು ಕೊಳ್ಳುವ ಆಸೆ ನನ್ನ ಭಾವನದು; ನನ್ನದು ನೋಡುವ ಚಪಲ ಮಾತ್ರ. ಮನೆಯ ಯಜಮಾನರು ಹಾಳೆಗಳನ್ನು ಸರಿಸುತ್ತಾ, “ಯುದ್ಧದ ಕಾಲದ ಫೋರ್ಡ್ ಜೀಪು ಇದು. ಬೋಲ್ಟ್ ಬೋಲ್ಟೂ ಒರಿಜಿನಲ್” ಎಂದರು. ಸಾಕ್ಷಿಗೆಂದು ಮುಂದಿನ ಮಡ್‌ಗಾರ್ಡಿನ ಒಂದು ಬೋಲ್ಟನ್ನು ಬೆರಳಿನಿಂದ ಒರೆಸಿದರು. ತಲೆಯ ಮೇಲೆ ಬಳುಕು ಬರವಣಿಗೆಯ ಎಫ್ ಅಕ್ಷರ ಎದ್ದು ಕಂಡಿತು. ಭಾವನ ಮುಖ ಅರಳಿತು. ನಾನು ಅದರಿಂದ ಒಂದು ಗೇಣು ಆಚೆಗಿದ್ದ ಇನ್ನೊಂದು ಬೋಲ್ಟನ್ನು ಒರೆಸಿದೆ. ಅದರ ತಲೆಯ ಮೇಲೆ 8.8 ಎಂದಿತ್ತು.

ಈ ಎರಡು ಬೋಲ್ಟ್‌ಗಳ ಕಥೆಯನ್ನು ಬಿಡಿಸಿದರೆ ಹಳೆಯ ವಾಹನಗಳ ಅಸಲಿ-ನಕಲಿಯ ಅರ್ಧ ಪಾಠ ಮುಗಿಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಜೀಪು ಬೇಕಾದಾಗ ವಿಲ್ಲಿಸ್ ಕಂಪನಿಯ ವಿನ್ಯಾಸ ಆಯ್ಕೆಯಾಯಿತು. ಒಬ್ಬರಿಂದಲೇ ಅಷ್ಟು ವಾಹನ ಪೂರೈಸಲಾಗದೆ ಅದೇ ನಕ್ಷೆಯನ್ನು ಫೋರ್ಡ್ ಕಂಪನಿಗೂ ಕೊಟ್ಟರು. 1941ರಿಂದ 1945ರೊಳಗೆ ವಿಲ್ಲಿಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಜೀಪುಗಳನ್ನು ಕಟ್ಟಿದವು. ವಿಲ್ಲಿಸ್‌ನ ಮಾದರಿಯ ಹೆಸರು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯು. ಒಂದರ ಭಾಗ ಇನ್ನೊಂದಕ್ಕೆ ಕೂರಬೇಕೆಂಬುದು ಸೇನೆಯ ಷರತ್ತು. ಆದರೂ ಫೋರ್ಡ್ ತಾನು ಮಾಡಿದ ಭಾಗಗಳ ಮೇಲೆ, ಬೋಲ್ಟಿನ ತಲೆಯನ್ನೂ ಬಿಡದೆ, ತನ್ನ ಎಫ್ ಒತ್ತಿತು. ಆದ್ದರಿಂದ ಎಫ್ ಎಂದರೆ ಫೋರ್ಡ್ ಎಂಬುದು ನಿಜ. ಆದರೆ ಈ ನಿಜವನ್ನು ನಕಲು ಮಾಡುವವರೂ ಬಲ್ಲರು. ಎಫ್ ಒತ್ತಿದ ಹೊಸ ಬೋಲ್ಟ್‌ಗಳು ಇಂದು ಪ್ಯಾಕೆಟ್ಟಿನ ಲೆಕ್ಕದಲ್ಲಿ ಸಿಗುತ್ತವೆ.

8.8ರ ಕಥೆ ಬೇರೆ. ಅದು ಮೆಟ್ರಿಕ್ ಬೋಲ್ಟಿನ ಬಲವನ್ನು ಸೂಚಿಸುವ ಅಂಕಿ. 1940ರ ದಶಕದ ಅಮೆರಿಕದ ಜೀಪು ಇಂಚಿನ ಲೆಕ್ಕದ ವಾಹನ. ಇಂಚಿನ ಬೋಲ್ಟುಗಳಲ್ಲಿ ಬಲದ ಗುರುತು ಇದ್ದರೂ ಅದು ತಲೆಯ ಮೇಲಿನ ಗೆರೆಗಳ ರೂಪದಲ್ಲಿರುತ್ತದೆ, ಅಂಕಿಯಲ್ಲಿ ಅಲ್ಲ. 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್ ದಪ್ಪ. 8 ಮಿಲಿಮೀಟರಿನ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಥ್ರೆಡ್ ಮಾತ್ರ ಒಪ್ಪಿಕೊಳ್ಳುವುದಿಲ್ಲ. ಇಂಚಿಗೆ 24 ಸುತ್ತಿನ ಸಣ್ಣ ಥ್ರೆಡ್ಡಿನಲ್ಲಿ ಸುತ್ತಿನಿಂದ ಸುತ್ತಿಗೆ 1.06 ಮಿಲಿಮೀಟರ್ ಅಂತರ. ಸಾಮಾನ್ಯ 8 ಮಿಲಿಮೀಟರ್ ಬೋಲ್ಟಿನಲ್ಲಿ 1.25. ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅವಸರದ ಕೈ ಅಲ್ಲಿಗೆ ಉದ್ದ ಪಾನ ಹಾಕಿ ತಿರುಗಿಸಿದರೆ ಬೋಲ್ಟು ಒಳಗೆ ಹೋಗುತ್ತದೆ, ಥ್ರೆಡ್ಡು ಪುಡಿಯಾಗಿ ಹೊರಗೆ ಬರುತ್ತದೆ. ಹಳೆಯ ವಾಹನ ನೋಡಲು ಹೋಗುವಾಗ ಈ ಅಂತರವನ್ನು ಅಳೆಯುವ, ನೂರಾರು ರೂಪಾಯಿಯ ಒಂದು ಥ್ರೆಡ್ ಗೇಜ್ ಜೇಬಿನಲ್ಲಿರಲಿ. ಅದಕ್ಕೆ ಮುಖದಾಕ್ಷಿಣ್ಯ ಇರುವುದಿಲ್ಲ.

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರ್ಪಡಿಸುವವರು ಚೀಲದ ಮೇಲಿನ ಬರಹವನ್ನು ನೆಚ್ಚಿಕೊಳ್ಳುವುದಿಲ್ಲ. ಚೀಲದ ಆಳಕ್ಕೆ ಕೈ ಹಾಕಿ ತೆಗೆದು, ಕತ್ತರಿಸಿ, ಒಳಗಿನ ಬಣ್ಣ ನೋಡುತ್ತಾರೆ. ವಾಹನದ ಭಾಗಗಳ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ಹೆಸರು, ನಂಬರು, ಮುದ್ರೆ ಎಲ್ಲವೂ ಚೀಲದ ಮೇಲಿನ ಬರಹ. ಅವನ್ನು ಯಾರು ಬೇಕಾದರೂ ಬರೆಯಬಹುದು. ಆ ಭಾಗವನ್ನು ಹೇಗೆ ಮಾಡಿದರು ಎಂಬುದರ ಗುರುತನ್ನು ಅಳಿಸುವುದು ಮಾತ್ರ ಕಷ್ಟ, ಹೊಸದಾಗಿ ಹುಟ್ಟಿಸುವುದು ಇನ್ನೂ ಕಷ್ಟ.

ಎರಕದ ಭಾಗಗಳಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ನಮ್ಮ ಜಿಲ್ಲೆಯವರಿಗೆ ಎರಕ ಹೊಸದಲ್ಲ. 1923ರಲ್ಲೇ ಭದ್ರಾವತಿಯಲ್ಲಿ ಕಬ್ಬಿಣ ಕರಗತೊಡಗಿತ್ತು. ಇಂದಿಗೂ ಶಿವಮೊಗ್ಗ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಲ್ಲಿ ವಾಹನಗಳ ಭಾಗಗಳು ಎರಕವಾಗುತ್ತವೆ. ಅಂಥ ಕಡೆ ಕೆಲಸ ಮಾಡಿ ನಿವೃತ್ತರಾದ ಒಬ್ಬ ಪ್ಯಾಟರ್ನ್ ಮೇಸ್ತ್ರಿ ನನಗೆ ಒಮ್ಮೆ ಎರಡು ಸ್ಕೇಲುಗಳನ್ನು ಕೊಟ್ಟು ಜೋಡಿಸಿ ನೋಡಿ ಎಂದಿದ್ದರು. ಒಂದರ ಅಡಿ ಇನ್ನೊಂದರ ಅಡಿಗಿಂತ ಚೂರು ಉದ್ದ. ತಪ್ಪು ಸ್ಕೇಲು ಎಂದುಕೊಂಡೆ. ಅವರು ನಕ್ಕರು. ಕರಗಿದ ಬೀಡು ಕಬ್ಬಿಣ ಆರುವಾಗ ಸುಮಾರು ಶೇಕಡಾ 1ರಷ್ಟು ಕುಗ್ಗುತ್ತದೆ. ಅಲ್ಯೂಮಿನಿಯಂ ಅದಕ್ಕಿಂತ ತುಸು ಹೆಚ್ಚು. ಆದ್ದರಿಂದ ಮರಳಿನಲ್ಲಿ ಅಚ್ಚು ಒತ್ತುವ ಮರದ ಮಾದರಿಯನ್ನು ಮೊದಲೇ ಅಷ್ಟು ದೊಡ್ಡದಾಗಿ ಕೊರೆಯಬೇಕು. ಆ ಉದ್ದನೆಯ ಸ್ಕೇಲು ಅದಕ್ಕಾಗಿ.

ಈಗ ನಕಲು ಮಾಡುವವನ ಕೆಲಸ ನೋಡಿ. ಅವನ ಬಳಿ ಕಂಪನಿಯ ನಕ್ಷೆಯಿಲ್ಲ, ಮರದ ಮಾದರಿಯಿಲ್ಲ. ಇರುವುದು ಗುಜರಿಯಲ್ಲಿ ಸಿಕ್ಕ ಒಂದು ಅಸಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಂದರೆ ಎಂಜಿನ್ನಿನ ಹೊಗೆಯನ್ನು ಒಟ್ಟುಮಾಡಿ ಹೊರಗೆ ಸಾಗಿಸುವ ಎರಕದ ಕೊಳವೆ. ಅದನ್ನೇ ಮರಳಿನಲ್ಲಿ ಒತ್ತಿ, ಬಂದ ಅಚ್ಚಿಗೆ ಕಬ್ಬಿಣ ಹೊಯ್ಯುತ್ತಾನೆ. ಅದು ಆರಿದಾಗ ಕುಗ್ಗುತ್ತದೆ. 300 ಮಿಲಿಮೀಟರ್ ಇದ್ದದ್ದು 297 ಆಗುತ್ತದೆ. ಆದರೆ ಅದನ್ನು ಕೂರಿಸುವ ಎಂಜಿನ್ನಿನ ಸ್ಟಡ್ಡುಗಳು, ಎಂದರೆ ತಲೆಯಿಲ್ಲದ ಬೋಲ್ಟುಗಳು, ಕುಗ್ಗುವುದಿಲ್ಲವಲ್ಲ, ತೂತುಗಳು ಅವಕ್ಕೆ ಹೊಂದಲೇಬೇಕು. ಹಾಗಾಗಿ ತೂತನ್ನು ಸರಿಯಾದ ಅಳತೆಗೆ ಕೊರೆಯುತ್ತಾನೆ. ಫಲವಾಗಿ ತೂತಿನ ಸುತ್ತ ಇರುವ ದಪ್ಪ ಉಬ್ಬಿನ ನಡುವೆ ತೂತು ಬರುವುದಿಲ್ಲ. ನಡುವಿನ ತೂತುಗಳು ಸರಿಯಾಗಿದ್ದು, ತುದಿಗಳ ಕಡೆಗೆ ಹೋದಂತೆ ಉಬ್ಬಿನ ಅಂಚಿಗೆ ಸರಿಯುತ್ತವೆ. ಎರಡೂ ತುದಿಯಲ್ಲಿ ತೂತು ಹೊರಮಗ್ಗುಲಿಗೆ ವಾಲಿದ್ದರೆ, ಅಕ್ಷರ ಏನೇ ಹೇಳಲಿ, ಅದು ಒಂದು ಭಾಗಕ್ಕೆ ಹುಟ್ಟಿದ ಭಾಗ, ಮಾದರಿಗೆ ಹುಟ್ಟಿದ್ದಲ್ಲ.

ಅಕ್ಷರಗಳೂ ಇದೇ ಕಾರಣಕ್ಕೆ ಸೊರಗುತ್ತವೆ. ಎರಕದಲ್ಲಿ ಎದ್ದು ನಿಂತ ನಂಬರಿನ ಮೂಲೆಗಳು ಪ್ರತಿ ಸಲ ಮರಳಿನಲ್ಲಿ ಒತ್ತಿದಾಗಲೂ ಮೊಂಡಾಗುತ್ತವೆ. ನೆರಳಚ್ಚಿನ ನೆರಳಚ್ಚಿನಂತೆ 8 ಮತ್ತು 3 ಒಂದೇ ರೀತಿ ಕಾಣತೊಡಗುತ್ತವೆ. ಜೊತೆಗೆ ಮೂಲ ಭಾಗದ ಮೇಲಿದ್ದ ಗಾಯಗಳೂ ನಕಲಿಗೆ ಇಳಿದು ಬರುತ್ತವೆ. ಎರಡು ಬೇರೆ ಬೇರೆ ಮ್ಯಾನಿಫೋಲ್ಡುಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಚಿಪ್ಪು ಎದ್ದಿದ್ದನ್ನು ನಾನು ನೋಡಿದ್ದೇನೆ. ಯಾವುದೋ ಕಾಲದಲ್ಲಿ ಯಾರೋ ಸುತ್ತಿಗೆ ಜಾರಿಸಿದ ತಪ್ಪು ಮಕ್ಕಳು ಮೊಮ್ಮಕ್ಕಳಿಗೂ ಬಂದಿತ್ತು. ಈಗ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ, ಕುಗ್ಗುವಿಕೆ ಸೇರಿಸಿ ಮಾದರಿ ಮಾಡುವವರಿದ್ದಾರೆ. ಅವರ ಮಾಲಿನ ಮುಂದೆ ಈ ಪರೀಕ್ಷೆ ನಿಲ್ಲುವುದಿಲ್ಲ. ಆದರೆ ಅಂಥವರು ಸಾಮಾನ್ಯವಾಗಿ ತಮ್ಮ ಹೆಸರನ್ನೇ ಒತ್ತುತ್ತಾರೆ, ಬಚ್ಚಿಡುವುದಿಲ್ಲ.

ತಗಡಿನ ಕೆಲಸಕ್ಕೆ ಬಂದರೆ ಪ್ರಶ್ನೆ ಸರಳ: ಒತ್ತಿದ್ದೋ, ಬಗ್ಗಿಸಿದ್ದೋ? ಕಾರ್ಖಾನೆಯ ದೊಡ್ಡ ಪ್ರೆಸ್ಸು ಒಂದೇ ಏಟಿಗೆ ಒತ್ತಿದ ತಗಡಿನಲ್ಲಿ ಉಬ್ಬುಗೆರೆಗಳು ಆರಂಭದಿಂದ ಕೊನೆಯವರೆಗೆ ಒಂದೇ ಎತ್ತರ, ತುದಿಯಲ್ಲಿ ನಯವಾಗಿ ಕರಗುತ್ತವೆ. ಟಿಂಕರ್ ಬಗ್ಗಿಸಿದ ತಗಡಿನಲ್ಲಿ ಮೂಲೆಗೆ ಬಂದಾಗ ಕತ್ತರಿಸಿ ಬೆಸೆದ ಗುರುತು ಇರುತ್ತದೆ. ಎರಡು ತಗಡು ಸೇರುವ ಕಡೆ ಕಾರ್ಖಾನೆಯವರು ಸ್ಪಾಟ್ ವೆಲ್ಡಿಂಗ್ ಮಾಡುತ್ತಿದ್ದರು. ಕಡಲೆ ಗಾತ್ರದ ಗುಂಡನೆಯ ಗುಳಿಗಳು ಸಾಲಾಗಿ, ಹೆಚ್ಚುಕಡಿಮೆ ಸಮ ದೂರದಲ್ಲಿ. ಉದ್ದಕ್ಕೆ ಹರಿದ ವೆಲ್ಡಿಂಗ್ ಕಂಡರೆ ಅದು ಆಮೇಲಿನ ಕೈ. ಬಣ್ಣದ ಕೆಳಗೆ ಪುಟ್ಟಿ ಇದೆಯೇ ಎಂದು ತಿಳಿಯಲು ತೆಳುಬಟ್ಟೆ ಸುತ್ತಿದ ಅಯಸ್ಕಾಂತ ಸಾಕು.

ಆದರೆ ಮಲೆನಾಡಿನಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ಆಗುಂಬೆಯ ಸುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿ ಎಪ್ಪತ್ತೆಂಬತ್ತು ಮಳೆಗಾಲ ಕಂಡ ಜೀಪಿನ ನೆಲದ ತಗಡು ತೂತಿಲ್ಲದೆ, ತೇಪೆಯಿಲ್ಲದೆ ಇದ್ದರೆ, ಅದು ಒರಿಜಿನಲ್ ಅಲ್ಲ ಎನ್ನಲು ಗೇಜು, ಅಯಸ್ಕಾಂತ ಯಾವುದೂ ಬೇಡ. ಯುದ್ಧಕಾಲದ ಜೀಪಿಗೆ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಡುವವರು ನಮ್ಮ ದೇಶದಲ್ಲೂ ಇದ್ದಾರೆ, ಫಿಲಿಪ್ಪೀನ್ಸ್‌ನಲ್ಲೂ ಇದ್ದಾರೆ. ಹಾಗಾಗಿ ಬಾಡಿಯನ್ನು ನಂಬದೆ ಅದರ ಕೆಳಗಿನ ಉಕ್ಕಿನ ಚೌಕಟ್ಟನ್ನು, ಅಂದರೆ ಚಾಸಿಯನ್ನು ನೋಡಬೇಕು. ಅಲ್ಲೊಂದು ಒಳ್ಳೆಯ ಗುರುತಿದೆ. ರೇಡಿಯೇಟರಿನ ಕೆಳಗೆ ಎಡ ಬಲ ಚಾಸಿಗಳನ್ನು ಜೋಡಿಸುವ ಅಡ್ಡಪಟ್ಟಿ ವಿಲ್ಲಿಸ್ ಎಂಬಿಯಲ್ಲಿ ದುಂಡನೆಯ ಕೊಳವೆ, ಫೋರ್ಡಿನಲ್ಲಿ ಬೋರಲು ಹಾಕಿದ ದೋಣಿಯಂಥ ಪಟ್ಟಿ. ಫೋರ್ಡಿನಲ್ಲಿ ನಂಬರನ್ನು ಎಡ ಚಾಸಿಯ ಮೇಲ್ಮೈಗೇ ಕೊರೆದಿರುತ್ತಾರೆ. ವಿಲ್ಲಿಸ್‌ನಲ್ಲಿ ಚಾಸಿಯ ಒಳಮಗ್ಗುಲಿಗೆ ರಿವೆಟ್ ಹೊಡೆದ ತಗಡಿನ ಚೀಟಿ. ಮುಂದಿನ ಜಾಲರಿಯ ಸೀಳುಗಳನ್ನು ಎಣಿಸುವುದು ಎಲ್ಲರಿಗೂ ಗೊತ್ತು: ಆರಂಭದ ಪಟ್ಟಿ ಬೆಸೆದ ಜಾಲರಿ ಹೋದ ಮೇಲೆ ಯುದ್ಧದ ಜೀಪಿಗೆ ಒಂಬತ್ತು, ಆಮೇಲಿನ ನಾಗರಿಕ ಜೀಪಿಗೆ ಏಳು. ಆದರೆ ಜಾಲರಿ ಬಿಚ್ಚಿ ಹಾಕಲು ಒಂದು ಮಧ್ಯಾಹ್ನ ಸಾಕು.

ನಮ್ಮ ಗುಡ್ಡದ ರಸ್ತೆಗಳಲ್ಲಿ ಹೆಚ್ಚು ಕಂಡದ್ದು ಮಹೀಂದ್ರಾ ಕಂಪನಿಯ ಸಿಜೆ-3ಬಿ ಜೀಪು. ಅದರ ಬಾನೆಟ್ ಎತ್ತರ ಯಾಕೆಂದರೆ, ಹಳೆಯ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇದ್ದವು, ಹೊಸ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲನ್ನು ಒಳಗೆ ಬಿಡುವ ವಾಲ್ವುಗಳು ಸಿಲಿಂಡರಿನ ತಲೆಗೆ ಹೋಗಿ ಎಂಜಿನ್ ಎತ್ತರವಾಯಿತು. ಈ ಜೀಪುಗಳು ಅಮೆರಿಕದ ಪರವಾನಗಿಯ ಮೇಲೆ ಇಲ್ಲಿ ತಯಾರಾದವು. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಭಾರತದಲ್ಲಿ ಮಾಡಿದ ಭಾಗ ಎಂದ ಮಾತ್ರಕ್ಕೆ ಅದು ಡೂಪ್ಲಿಕೇಟ್ ಅಲ್ಲ. ಪರವಾನಗಿ ಪಡೆದ ಕಂಪನಿ ಇಲ್ಲಿ ಮಾಡಿದ ಭಾಗ ಇಲ್ಲಿನ ವಾಹನಕ್ಕೆ ಅಸಲಿಯೇ. ಅಂಬಾಸಡರಿನ ಡೈನಮೋ ಮೇಲೆ ಇಂಗ್ಲೆಂಡಿನ ಲೂಕಾಸ್ ಹೆಸರಿನ ಬದಲು ಮದ್ರಾಸಿನ ಲೂಕಾಸ್ ಟಿವಿಎಸ್ ಹೆಸರಿದ್ದರೆ ಬೆಚ್ಚಬೇಕಾಗಿಲ್ಲ. 1960ರ ದಶಕದಿಂದ ಅವರೇ ಪೂರೈಸುತ್ತಿದ್ದರು. ಬದಲಿಗೆ ಇಲ್ಲಿ ಕಟ್ಟಿದ ಕಾರಿನ ಮೇಲೆ ಇಂಗ್ಲೆಂಡಿನ ಹೆಸರು ಫಳಫಳ ಹೊಳೆಯುತ್ತಿದ್ದರೆ ಒಂದು ಪ್ರಶ್ನೆ ಕೇಳಬೇಕು.

ಅಂಬಾಸಡರಿನ ತೊಡಕು ಇನ್ನೊಂದು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಹುಟ್ಟಿದ ಆ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅಷ್ಟು ಕಾಲ ನಡೆದ ಮಾದರಿಯಲ್ಲಿ ಭಾಗ ಅಸಲಿಯಾಗಿಯೂ ತಪ್ಪಾಗಿರಬಹುದು. ಮೊದಲ ಮಾರ್ಕಿನ, ಅಂದರೆ ಮೊದಲ ಆವೃತ್ತಿಯ ಕಾರಿಗೆ 1962ರ ನಂತರದ ಎರಡನೆಯ ಮಾರ್ಕಿನ ಜಾಲರಿ ಹಾಕಿದರೆ ಅದು ಕಂಪನಿಯ ಮಾಲೇ ಹೌದು, ಆದರೆ ಅಜ್ಜನ ತಲೆಗೆ ಮೊಮ್ಮಗನ ಟೋಪಿ. ಇಂಥ ಕಡೆ ನೆರವಿಗೆ ಬರುವುದು ತಾರೀಖು. ಲೂಕಾಸ್‌ನವರು ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರುಗಳ ಮೇಲೆ ತಿಂಗಳು-ವರ್ಷವನ್ನು ಸಣ್ಣದಾಗಿ ಒತ್ತುತ್ತಿದ್ದರು. 6 64 ಎಂದರೆ 1964ರ ಜೂನ್. ಕಾರು ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಿದ್ದಿದ್ದರೆ ಲೆಕ್ಕ ಕೂಡಿತು. ಡೈನಮೋ ವಯಸ್ಸಿನಲ್ಲಿ ಕಾರಿಗಿಂತ ಚಿಕ್ಕದಾದರೆ ಆಮೇಲೆ ಬದಲಿಸಿದ್ದು. ಕಾರಿನ ಎಲ್ಲ ಭಾಗಗಳಿಗೂ ಒಂದೇ ತಿಂಗಳು ಇದ್ದರೆ ನನಗೆ ಇನ್ನೂ ಅನುಮಾನ. ಬೇರೆ ಬೇರೆ ಕಡೆಯಿಂದ ಬಂದ ಸಾಮಾನು ಹಾಗೆ ಮೆರವಣಿಗೆ ಬರುವುದಿಲ್ಲ.

ಬಾಗಿಲ ಹಿಡಿ, ಬಾನೆಟ್ಟಿನ ಲಾಂಛನದಂಥ ಹೊಳೆಯುವ ಸಾಮಾನಿಗೆ ಅಡುಗೆಮನೆಯ ಪರೀಕ್ಷೆಯೊಂದಿದೆ. ಹಳೆಯ ಕಾರುಗಳಲ್ಲಿ ಇವು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದವು. ಇಂದಿನ ನಕಲುಗಳು ಹಿತ್ತಾಳೆಯದೋ ಅಲ್ಯೂಮಿನಿಯಂನದೋ ಆಗಿರುತ್ತವೆ, ಮೇಲೆ ಕ್ರೋಮ್. ಹೊರನೋಟಕ್ಕೆ ಎಲ್ಲ ಒಂದೇ. ತೂಕ ಮಾಡಿ, ಆಮೇಲೆ ಗೆರೆ ಇರುವ ಅಳತೆ ಲೋಟದ ನೀರಿನಲ್ಲಿ ಮುಳುಗಿಸಿ ನೀರು ಎಷ್ಟು ಏರಿತೆಂದು ನೋಡಿ. 200 ಗ್ರಾಂ ತೂಗುವ ಹಿಡಿ ಸುಮಾರು 30 ಮಿಲಿಲೀಟರ್ ಏರಿಸಿದರೆ ಸತುವಿನ ಮಿಶ್ರಲೋಹ. 24ರ ಆಸುಪಾಸು ಆದರೆ ಹಿತ್ತಾಳೆ. 74 ಆದರೆ ಅಲ್ಯೂಮಿನಿಯಂ. ಒಳಗೆ ಉಕ್ಕಿನ ಸ್ಕ್ರೂ ಇದ್ದರೆ ಮೊದಲು ಬಿಚ್ಚಬೇಕು ಅಷ್ಟೇ. ಅಂದಹಾಗೆ, ಸತುವಿನ ಅಸಲಿ ಹಿಡಿಗೆ ವಯಸ್ಸಾದಾಗ ಮೈಮೇಲೆ ಸಣ್ಣ ಬೊಕ್ಕೆಗಳು ಏಳುತ್ತವೆ. ಬೊಕ್ಕೆಯನ್ನು ನಕಲು ಮಾಡುವವನನ್ನು ನಾನಿನ್ನೂ ಕಂಡಿಲ್ಲ.

ಕ್ರೋಮಿನ ಗುಟ್ಟು ಕ್ರೋಮಿನಲ್ಲಿಲ್ಲ, ಅದರ ಕೆಳಗಿನ ನಿಕಲ್‌ನಲ್ಲಿದೆ. ಕ್ರೋಮ್ ಪದರ ಬಹಳ ತೆಳು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ನೀರನ್ನು ತಡೆಯುವುದು ನಿಕಲ್. ಖರ್ಚು ಉಳಿಸುವವರು ನಿಕಲ್‌ಗೇ ಕತ್ತರಿ ಹಾಕುತ್ತಾರೆ. ಬೇಸಿಗೆಯಲ್ಲಿ ಕೊಂಡ ಬಂಪರು ಆರಿದ್ರೆ ಮಳೆ ಮುಗಿಯುವುದರೊಳಗೆ ಕುಂಕುಮದ ಚುಕ್ಕೆ ಇಟ್ಟುಕೊಳ್ಳುತ್ತದೆ.

ಇನ್ನು ಡಬ್ಬಿಯ ಮಾತು. “ಹಳೆಯ ಸ್ಟಾಕು, ಬಿಚ್ಚಿಲ್ಲದ ಮಾಲು” ಎಂದು ಬರುವ ಪೆಟ್ಟಿಗೆಗಳಿಗೆ ವಾಹನದ ಮೇಲಿನ ಭಾಗಕ್ಕಿಂತ ಹೆಚ್ಚು ಬೆಲೆ, ಆದ್ದರಿಂದ ಹೆಚ್ಚು ಮೋಸ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ರಟ್ಟಿಗೆ ಐವತ್ತು ವರ್ಷ ವಯಸ್ಸು ಬರಲು ಎರಡು ದಿನ ಸಾಕು. ಆದರೆ ವಿಳಾಸ ಬರೆಯುವಾಗ ಕೈ ಜಾರುತ್ತದೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 1965ರದೆಂದು ಹೇಳುವ ಡಬ್ಬಿಯ ಮೇಲೆ ಆರಂಕಿ ಪಿನ್ ಇದ್ದರೆ ಮಾತು ಮುಗಿಯಿತು. ಬೆಲೆ ಆಣೆಯಲ್ಲಿದ್ದರೆ 1957ರ ಹಿಂದಿನದಿರಬೇಕು, ಆ ಏಪ್ರಿಲ್‌ನಿಂದ ನಯಾಪೈಸೆ ಬಂತು. ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ, ಬಾಂಬೆ ಮುಂಬೈ ಆದದ್ದು ಅದರ ಹಿಂದಿನ ವರ್ಷ. ನಮ್ಮದೇ ಉದಾಹರಣೆ ಬೇಕೆಂದರೆ, ಅಂಗಡಿಯ ಮುದ್ರೆಯಲ್ಲಿ ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ ಒಂದಕ್ಕಿಂತ ಹಿಂದಿನ ಮುದ್ರೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಶಿಮೊಗ ಹೋಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ ಒಂದರಂದು. ಗರಿಷ್ಠ ಮಾರಾಟ ಬೆಲೆಯ ಒಕ್ಕಣೆಯೂ 1990ರ ದಶಕದ ಮಾತು. ಪೇಟೆಯ ಒಬ್ಬ ವ್ಯಾಪಾರಿ ನನಗೆ ತೋರಿಸಿದ “ಅರವತ್ತರ ದಶಕದ” ಕಾರ್ಬುರೇಟರ್ ಕಿಟ್ಟಿನ ತಳದಲ್ಲಿ ಬಾರ್‌ಕೋಡ್ ಅಂಟಿಸಿದ್ದ ಜಾಗದ ಚೌಕ ಬಿಳಿದಾಗಿ ಉಳಿದಿತ್ತು. ಡಿಕಾಕ್ಷನ್ ಅಲ್ಲಿಗೆ ಇಳಿದಿರಲಿಲ್ಲ.

ಒರಿಜಿನಲ್ ಹುಚ್ಚಿಗೆ ಒಂದು ಮಿತಿ ನಾನು ಹಾಕಿಕೊಂಡಿದ್ದೇನೆ: ರಬ್ಬರು, ಬ್ರೇಕು. ಡಬ್ಬಿ ಬಿಚ್ಚದ 1970ರ ಬ್ರೇಕ್ ಹೋಸ್ ನೂರಕ್ಕೆ ನೂರು ಅಸಲಿ ಇರಬಹುದು, ಆದರೆ ರಬ್ಬರು ಡಬ್ಬಿಯೊಳಗೂ ಮುಪ್ಪಾಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಅದರ ಅಸಲಿತನ ಯಾರಿಗೂ ಬೇಡ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಪುಡಿಯನ್ನು ಬಾಯಿಂದ ಊದುವ ನಮ್ಮ ಮೆಕ್ಯಾನಿಕ್ಕುಗಳ ಅಭ್ಯಾಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ಇಂಥ ಕಡೆ ಒಳ್ಳೆಯ ಕಂಪನಿಯ ಹೊಸ ಭಾಗವೇ ಸರಿ. ಕಳಚಿದ ಹಳೆಯದನ್ನು ಡಬ್ಬಿಗೆ ಹಾಕಿಟ್ಟರೆ ಚರಿತ್ರೆಯೂ ಉಳಿಯುತ್ತದೆ.

ಕಾಗದದ ದೃಷ್ಟಿಯಿಂದಲೂ ಈಗ ಇದಕ್ಕೊಂದು ಮಹತ್ವ ಬಂದಿದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ ವಿಎ ಅಕ್ಷರಗಳ ನಂಬರು ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ನಿತ್ಯದ ಓಡಾಟಕ್ಕೆ ಆ ನಂಬರು ಇಲ್ಲ. ತೋಟಕ್ಕೆ ಗೊಬ್ಬರ ಹೊಡೆಯುವ ಆಲೋಚನೆ ಇದ್ದವರು ಅದನ್ನು ಮೊದಲೇ ಬಿಡಬೇಕು.

ಮತ್ತೆ ಕೊಟ್ಟಿಗೆಗೆ ಬರೋಣ. ಎಫ್ ಇದ್ದ ಬೋಲ್ಟುಗಳನ್ನು ಎಣಿಸಿದೆವು. ಒಟ್ಟು ಒಂಬತ್ತು, ಒಂಬತ್ತೂ ನಿಂತವನ ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದೇ ರೀತಿ ಹೊಸ ಕಪ್ಪು. ಭಾವ ಸಪ್ಪಗಾದರು. “ಹಾಗಾದರೆ ಇದು ಬರೀ ವೇಷವೇ?” ಎಂದು ನನ್ನನ್ನು ಕೇಳಿದರು. ಯಜಮಾನರಿಗೂ ಬೇಸರವಾದಂತಿತ್ತು, ಮಗ ಎಲ್ಲಿಂದಲೋ ತರಿಸಿ ಹಾಕಿದ್ದೆಂದು ಒಪ್ಪಿಕೊಂಡರು. ಬಂದ ಮೇಲೆ ಪೂರ್ತಿ ನೋಡಿಯೇ ಬಿಡೋಣವೆಂದು ಒಂದು ಗೋಣಿಚೀಲ ಹಾಸಿ, ಟಾರ್ಚು ಹಿಡಿದು ಕೆಳಗೆ ಮಲಗಿದೆ. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿಗೆ ಹಿಡಿದಿದ್ದ ಮಣ್ಣು ಸುಟ್ಟ ಇಟ್ಟಿಗೆಯಂತಿತ್ತು. ಭಾವ ಒಳಗಿನಿಂದ ಒಂದು ಹಳೆಯ ಮೆಟ್ಟುಗತ್ತಿ ತಂದುಕೊಟ್ಟರು. ಕೆರೆದಷ್ಟೂ ಪಟ್ಟಿಯ ಆಕಾರ ಬಿಟ್ಟುಕೊಟ್ಟಿತು: ಕೊಳವೆಯಲ್ಲ, ಬೋರಲು ದೋಣಿ. ಚಾಸಿಗೆ ಬಾಡಿಯನ್ನು ಬಿಗಿಯುವ ಒಂದು ಬೋಲ್ಟು, ಎಂಟು ದಶಕಗಳ ಗ್ರೀಸು ಕೆಸರಿನಡಿ ಹೂತುಹೋಗಿದ್ದದ್ದು, ಅದನ್ನೂ ಕೆರೆದೆ. ತುಕ್ಕು ತಿಂದು ಅರ್ಧ ಸವೆದಿದ್ದರೂ ಆ ಬಳುಕು ಅಕ್ಷರದ ಬಾಲ ಉಳಿದಿತ್ತು.

“ಇಲ್ಲಿದೆ ನೋಡಿ” ಎಂದು ಕೂಗಿದೆ. ಯಜಮಾನರು ಪಂಚೆ ಎತ್ತಿ ಕಟ್ಟಿ, ಎಪ್ಪತ್ತು ದಾಟಿದ ಮಂಡಿಗಳನ್ನು ಬೈಯುತ್ತಾ, ನನ್ನ ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಲಗಿದರು. ಬಹಳ ಹೊತ್ತು ನೋಡಿದರು. “ಅಪ್ಪಯ್ಯ ಇದನ್ನು ತಂದಾಗ ನಾನಿನ್ನೂ ಹುಟ್ಟಿರಲಿಲ್ಲ” ಎಂದರು. ಆಮೇಲೆ ತಲೆ ಹೊರಹಾಕಿ ಭಾವನ ಕಡೆಗೆ ತಿರುಗಿ, ಬೆಲೆಯ ಮಾತನ್ನು ಊಟವಾದ ಮೇಲೆ ಆಡೋಣವೆಂದರು.